ವಿಯೆಟ್ನಾಮಿಗೆ ಹೇಳಿದ್ದು, ಹೊನವಾಡಕ್ಕೆ ಹೇಳದ್ದು

ತಪ್ಪು ಮಾಡಿದ ಮನುಷ್ಯ ಅದನ್ನು ಯಾರ ಮುಂದೆ ಒಪ್ಪಿಕೊಳ್ಳಬೇಕು ಎಂಬುದಕ್ಕೆ ನಿಯಮವೇನೂ ಇಲ್ಲ. ಕೆಲವರು ದೇವರ ಮುಂದೆ ಒಪ್ಪಿಕೊಳ್ಳುತ್ತಾರೆ, ಅಲ್ಲಿ ಮರುಪ್ರಶ್ನೆ ಬರುವುದಿಲ್ಲ. ಕೆಲವು ಧೈರ್ಯವಂತರು ಹೆಂಡತಿಯ ಮುಂದೆ ಒಪ್ಪಿಕೊಳ್ಳುತ್ತಾರೆ. ಇನ್ನು ಕೆಲವರು ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಇನ್ನು ಎದ್ದು ಓಡುವಂತಿಲ್ಲ ಎಂದಾದ ಮೇಲೆ ಬಾಯಿ ಬಿಡುತ್ತಾರೆ. ನಾನು ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡದ್ದು ವಿಯೆಟ್ನಾಮ್ ದೇಶದ ಒಬ್ಬ ಹೆಣ್ಣುಮಗಳ ಮುಂದೆ, ಅದೂ ಇಂಗ್ಲಿಷಿನಲ್ಲಿ. ಒಪ್ಪಿಕೊಳ್ಳಬೇಕಾಗಿದ್ದದ್ದು ಹೊನವಾಡದಲ್ಲಿರುವ ನನ್ನ ಅಕ್ಕನ ಮುಂದೆ. ವಿಜಯಪುರದಿಂದ ಹೊನವಾಡಕ್ಕೆ ಟಿಕೋಟಾ ಮೇಲೆ ಹಾದು ಹೋಗುವ ಬಸ್ಸುಗಳಿವೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಒಂದು ಸಣ್ಣ ನಿದ್ದೆಯಷ್ಟು ದಾರಿ. ಆ ದಾರಿಯನ್ನು ನಾನು ಐದು ವರ್ಷ ತುಳಿಯಲಿಲ್ಲ.

ನಾನು ಬಬಲೇಶ್ವರದ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷು ಮತ್ತು ಸಮಾಜ ವಿಜ್ಞಾನ ಕಲಿಸಿದವನು. ಮನೆ ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ಮಾಸ್ತರಿಕೆಯಿಂದ ನಿವೃತ್ತಿಯಾದವರಿಗೆ ಒಂದು ರೋಗ ಬರುತ್ತದೆ. ಎದುರಿಗೆ ತಿದ್ದುವುದಕ್ಕೆ ಮಕ್ಕಳಿರುವುದಿಲ್ಲ, ಕೈ ಮಾತ್ರ ಸುಮ್ಮನಿರುವುದಿಲ್ಲ. ನಾನು ಮದುವೆಯ ಲಗ್ನಪತ್ರಿಕೆಗಳನ್ನು ತಿದ್ದಿದ್ದೇನೆ. ಕಿರಾಣಿ ಅಂಗಡಿಯವನು ಬರೆದುಕೊಟ್ಟ ಸಾಮಾನಿನ ಚೀಟಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ಸರಿಪಡಿಸಿ ವಾಪಸು ಕೊಟ್ಟಿದ್ದೇನೆ. ನನ್ನ ಹೆಂಡತಿ ಶಾರದಾ ತವರಿಗೆ ಹೋದಾಗ ಬಾಗಿಲಿಗೆ ಅಂಟಿಸಿದ್ದ 'ಹಾಲು ಫ್ರಿಜ್ಜಿನಾಗ ಐತಿ' ಎಂಬ ಚೀಟಿಯ ಕೆಳಗೂ ಒಂದು ಗೆರೆ ಎಳೆದು ಸರಿ ಗುರುತು ಹಾಕಿದ್ದೆನಂತೆ, ಅವಳು ಬಂದ ಮೇಲೆ ತೋರಿಸಿ ಹೇಳಿದಳು. ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದೆ ಹೊರಗೆ ಹೋದರೆ ಕಾಲಲ್ಲಿ ಚಪ್ಪಲಿ ಇಲ್ಲದಂತೆ ಅನಿಸುತ್ತಿತ್ತು. ಈ ಪೆನ್ನಿನ ವಿಷಯ ಸುಮ್ಮನೆ ಹೇಳುತ್ತಿಲ್ಲ, ಅನಾಹುತ ಮಾಡಿದ್ದೇ ಅದು.

ಈ ರೋಗಕ್ಕೆ ಔಷಧಿ ಹುಡುಕಿಕೊಟ್ಟವಳು ಶಬಾನಾ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಗೋಳಗುಮ್ಮಟದ ಹತ್ತಿರ ಒಂದು ಅಂಗಡಿಯ ಮಾಳಿಗೆಯ ಮೇಲೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುವ ಕ್ಲಾಸು ನಡೆಸುತ್ತಾಳೆ. ಫೋನಿನಲ್ಲಿ ಮುಖ ನೋಡಿಕೊಂಡು ಪಾಠ ಹೇಳುವ ವ್ಯವಸ್ಥೆಯೂ ಅವಳಿಗೆ ಇದೆ, ಬೇರೆ ಬೇರೆ ದೇಶದ ಮಂದಿ ಕಲಿಯಲು ಬರುತ್ತಾರೆ. ಒಂದು ದಿನ ಮನೆಗೆ ಬಂದು, ಶಾರದಾಳ ಕೈಯ ಚಹಾ ಕುಡಿಯುತ್ತ, "ಸರ್, ನೀವು ಅಮ್ಮಾರ ಚೀಟಿ ತಿದ್ಕೋತ ಕುಂದ್ರೂದು ಬ್ಯಾಡ್ರಿ. ವಿಯೆಟ್ನಾಮದಾಗ ಒಬ್ಬರು ಅದಾರ, ಸಮಾಜ ಮತ್ತ ರಾಜಕೀಯದ ಇಂಗ್ಲಿಷ್ ಶಬ್ದ ಕಲೀಬೇಕಂತ. ನಮ್ಮ ಹುಡುಗ್ಯಾರಿಗೆ ಅದು ಬಗಿಹರಿಯೂದಿಲ್ಲ. ನೀವs ಆಗಬೇಕು" ಎಂದಳು. ಶಾರದಾ ನನಗಿಂತ ಮೊದಲೇ ಒಪ್ಪಿಕೊಂಡಳು. ಬೆಳಗಿನ ಒಂದು ತಾಸು ನಾನು ಅಡುಗೆಮನೆಯ ಕಡೆ ಸುಳಿಯುವುದಿಲ್ಲ ಎಂಬುದೇ ಅವಳಿಗೆ ದೊಡ್ಡ ಲಾಭವಾಗಿ ಕಂಡಿರಬೇಕು.

ಹೀಗೆ ನನಗೆ ಸಿಕ್ಕ ವಿದ್ಯಾರ್ಥಿನಿ ಲಾನ್. ನಲವತ್ತರ ಹತ್ತಿರದ ಹೆಣ್ಣುಮಗಳು, ಅಲ್ಲಿಯ ಒಂದು ಸಣ್ಣ ಪಟ್ಟಣದ ವಾರ್ಡ್ ಕಚೇರಿಯಲ್ಲಿ ಗುಮಾಸ್ತೆ. ಮೇಲಿನ ಹುದ್ದೆಗೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಚುನಾವಣೆ, ಪೌರತ್ವ, ಪಿಂಚಣಿ, ವಿರೋಧ ಪಕ್ಷ ಇತ್ಯಾದಿ ಶಬ್ದಗಳ ದೊಡ್ಡದೊಂದು ಪಟ್ಟಿ. ಮೊದಲ ದಿನ ಅವಳು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ವಯಸ್ಸೆಷ್ಟು?" ನನಗೆ ಸ್ವಲ್ಪ ಕಸಿವಿಸಿಯಾಯಿತು. ಆಮೇಲೆ ತಿಳಿಯಿತು, ಅವರ ಭಾಷೆಯಲ್ಲಿ ಎದುರಿನವರ ವಯಸ್ಸು ಗೊತ್ತಾಗದೆ ಬಾಯಿ ತೆರೆಯುವ ಹಾಗಿಲ್ಲ. ಹಿರಿಯಳಾದರೆ ಅಕ್ಕ, ಕಿರಿಯನಾದರೆ ತಮ್ಮ, ಕಲಿಸುವವನಾದರೆ ಥೈ, ಅಂದರೆ ಮಾಸ್ತರ. ಅಕ್ಕನ ಮುಂದೆ 'ನಾನು' ಅನ್ನುವುದಿಲ್ಲವಂತೆ, 'ತಮ್ಮ' ಅಥವಾ 'ತಂಗಿ' ಎಂದೇ ತಮ್ಮನ್ನು ತಾವು ಕರೆದುಕೊಳ್ಳಬೇಕಂತೆ. "ನಿಮಗೆ ಅಕ್ಕ ಇದ್ದಾರೆಯೇ, ಥೈ?" ಎಂದು ಅವಳು ಅದೇ ಉಸಿರಿನಲ್ಲಿ ಕೇಳಿದಳು. ಇದ್ದಾಳೆ ಎಂದೆ. ಹೇಗಿದ್ದಾರೆ ಎಂದಳು. ಚೆನ್ನಾಗಿದ್ದಾಳೆ ಎಂದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಕ್ಕ ಚೆನ್ನಾಗಿದ್ದಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ ಎಂಬುದು ಮಾತ್ರ ಯಾವ ಭಾಷೆಯಲ್ಲಾದರೂ ಅಷ್ಟೇ ನಿಜ.

ಬೆಳಿಗ್ಗೆ ಆರಕ್ಕೆ ನಮ್ಮ ಕ್ಲಾಸು. ಅವಳ ಓಣಿಯ ಕಂಬದ ಮೇಲಿನ ಧ್ವನಿವರ್ಧಕ ಏನೋ ಸರಕಾರಿ ಸೂಚನೆ ಕೂಗಲು ಶುರುಮಾಡಿದರೆ ಅವಳು ಕೈಸನ್ನೆ ಮಾಡಿ ನಿಲ್ಲಿಸುತ್ತಿದ್ದಳು. ನಮ್ಮ ಓಣಿಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂದರೆ ನಾನು ನಿಲ್ಲಿಸುತ್ತಿದ್ದೆ. ಒಮ್ಮೊಮ್ಮೆ ಎರಡೂ ಒಟ್ಟಿಗೇ ಬರುತ್ತಿದ್ದವು, ಆಗ ಇಬ್ಬರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿರುತ್ತಿದ್ದೆವು. ಅವಳಿಗೊಂದು ಹಟವಿತ್ತು. ಪ್ರತಿ ಶಬ್ದಕ್ಕೂ ನಿಜವಾಗಿ ನಡೆದ ಉದಾಹರಣೆ ಬೇಕು. "ಪುಸ್ತಕದ್ದು ಕಿವಿಯವರೆಗೆ ಬಂದು ಹೋಗುತ್ತದೆ, ಥೈ. ನಿಮ್ಮ ಮನೆಯದು ಹೇಳಿ" ಎನ್ನುತ್ತಿದ್ದಳು. ಹಾಗಾಗಿ ಒಪೀನಿಯನ್ ಪೋಲ್ ಅಂದರೆ ಮಧ್ಯಾಹ್ನಕ್ಕೆ ಏನು ಪಲ್ಯ ಮಾಡಲಿ ಎಂದು ಶಾರದಾ ಕೇಳುವುದು, ಫಲಿತಾಂಶಕ್ಕೂ ತಾಟಿಗೆ ಬಂದು ಬೀಳುವ ಪಲ್ಯಕ್ಕೂ ಸಂಬಂಧ ಇರಬೇಕೆಂದಿಲ್ಲ ಎಂದು ಹೇಳಿಕೊಟ್ಟೆ. ವೀಟೋ ಯಾರ ಕೈಯಲ್ಲಿದೆ ಎಂದು ಅವಳು ಕೇಳಲೇ ಇಲ್ಲ, ಹಿಂದೆ ಓಡಾಡುತ್ತಿದ್ದ ಶಾರದಾಳನ್ನು ನೋಡಿ ತಾನೇ ಬರೆದುಕೊಂಡಳು. ಗ್ರಾಸ್‌ರೂಟ್ಸ್, ಅಂದರೆ ತಳಮಟ್ಟ, ಎಂಬ ಶಬ್ದಕ್ಕೆ ಅವಳೇ ಉದಾಹರಣೆ ಕೊಟ್ಟಳು. ಅವಳ ಅತ್ತೆ ಓಣಿಯ ಮಹಿಳಾ ಸಂಘದವಳಂತೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಜಗಳವಾದರೂ ಮೊದಲು ಅಲ್ಲಿ ಹೋಗಿ ಕೂರುವವಳು ಅವಳೇ. ಮೂವತ್ತು ವರ್ಷ ಕಲಿಸಿದರೂ ನನಗೆ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ನಾನು ಬೆಳಗಾಗುವುದನ್ನೇ ಕಾಯತೊಡಗಿದೆ.

ಈಗ ಅಕ್ಕನ ವಿಷಯ. ನನ್ನ ಅಕ್ಕ ಗೌರವ್ವ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮ ಊರು ಹೊನವಾಡವೇ, ಅವಳನ್ನು ಕೊಟ್ಟದ್ದೂ ಅದೇ ಊರಲ್ಲಿ. ಅಪ್ಪ ತೀರಿದ ಮೇಲೆ ಅವ್ವ ನನ್ನ ಜೊತೆ ವಿಜಯಪುರಕ್ಕೆ ಬಂದಳು, ಹಾಗಾಗಿ ಅಕ್ಕನಿಗೆ ತವರುಮನೆ ಎಂದರೆ ನನ್ನ ಮನೆ. ನನ್ನ ಹೆಸರು ಮಾತ್ರ ಹೊನವಾಡದ ಮತದಾರರ ಪಟ್ಟಿಯಲ್ಲೇ ಉಳಿದಿತ್ತು. ಐದು ವರ್ಷದ ಹಿಂದೆ, ನಾನು ನಿವೃತ್ತನಾದ ವರ್ಷ, ಗ್ರಾಮ ಪಂಚಾಯತಿಯ ಚುನಾವಣೆ ಬಂತು. ಅವಳ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು, ಓಣಿಯ ಹೆಂಗಸರೆಲ್ಲ ಸೇರಿ ಅಕ್ಕನನ್ನು ನಿಲ್ಲಿಸಿದರು. ಅಕ್ಕನಿಗೆ ಅಧಿಕಾರದ ಆಸೆ ಏನೂ ಇರಲಿಲ್ಲ. ಹೆಂಗಸರ ಶೌಚಾಲಯಕ್ಕೆ ಒಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ, ಇಷ್ಟನ್ನು ಹಾಕಿಸಬೇಕು ಎಂದಿದ್ದಳು. ಅವಳ ಗುರುತು ಹೊಲಿಗೆ ಯಂತ್ರ. "ತಮ್ಮಾ, ನೀ ಮಾತ್ರ ತಪ್ಪಬ್ಯಾಡ. ಮಾಸ್ತರ ಬಂದು ಓಟ ಹಾಕಿದ ಅಂದ್ರ ಮಂದಿಗೂ ಧೈರ್ಯ ಬರ್ತದ" ಎಂದು ಫೋನು ಮಾಡಿದಳು. ತಪ್ಪುವ ಪ್ರಶ್ನೆಯೇ ಇಲ್ಲ ಎಂದೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಮೂವತ್ತು ವರ್ಷ ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಡ್ಯೂಟಿ ಮಾಡಿದವನು. ಓಟು ಹೇಗೆ ಹಾಕಬೇಕು, ಮುದ್ರೆ ಎಲ್ಲಿ ಒತ್ತಬೇಕು, ಚೀಟಿ ಹೇಗೆ ಮಡಚಬೇಕು ಎಂದು ಮುದುಕಿಯರಿಗೆ ಕೈಹಿಡಿದು ಹೇಳಿಕೊಟ್ಟವನು. ಡ್ಯೂಟಿಯ ಗದ್ದಲದಲ್ಲಿ ನನ್ನ ಸ್ವಂತ ಓಟು ಹಾಕುವುದು ಮಾತ್ರ ಪ್ರತಿಸಲ ತಪ್ಪಿಹೋಗುತ್ತಿತ್ತು. ಅಂದು ಮೊದಲ ಬಾರಿಗೆ ಬರೀ ಮತದಾರನಾಗಿ ಸಾಲಿನಲ್ಲಿ ನಿಂತೆ. ನನ್ನದೇ ಹಳೆಯ ಶಿಷ್ಯನೊಬ್ಬ ಒಳಗೆ ಅಧಿಕಾರಿಯಾಗಿ ಕೂತಿದ್ದ, ಎದ್ದು ನಿಂತು ನಮಸ್ಕಾರ ಮಾಡಿದ. ಆ ಹಿಗ್ಗಿನಲ್ಲೇ ಚೀಟಿ ತೆಗೆದುಕೊಂಡು ರಟ್ಟಿನ ಮರೆಗೆ ಹೋದೆ. ಮುದ್ರೆ ಅಲ್ಲೇ ದಾರದಲ್ಲಿ ಕಟ್ಟಿ ಇಟ್ಟಿತ್ತು, ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಲಿಗೆ ಯಂತ್ರ ಕಂಡಿತು. ಸರಿಯುತ್ತರ ಸಿಕ್ಕ ಖುಷಿಯಲ್ಲಿ ಕೈ ತಾನಾಗಿ ಜೇಬಿಗೆ ಹೋಯಿತು, ಕೆಂಪು ಪೆನ್ನು ತೆಗೆಯಿತು, ಅದರ ಮುಂದೆ ದೊಡ್ಡದೊಂದು ಸರಿ ಗುರುತು ಹಾಕಿತು. ಅಷ್ಟಕ್ಕೆ ಬಿಡದೆ ಕೆಳಗೊಂದು ಗೆರೆಯನ್ನೂ ಎಳೆಯಿತು. ಅಚ್ಚುಕಟ್ಟಾಗಿ ಮಡಚಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು ಯಾರೋ ಕೊಟ್ಟ ಚಹಾ ಕುಡಿಯುವಾಗ ಅಂಗಿಯ ಜೇಬಿನ ಮೇಲೆ ಕೆಂಪು ಕಲೆ ಕಂಡಿತು. ಪೆನ್ನಿಗೆ ಮುಚ್ಚಳ ಹಾಕಿರಲಿಲ್ಲ. ಪೆನ್ನು ಯಾಕೆ ತೆರೆದಿದೆ ಎಂದು ಯೋಚಿಸಿದೆ. ಮುದ್ರೆಯ ಬದಲು ಪೆನ್ನು ಮುಟ್ಟಿಸಿದ ಚೀಟಿ ಲೆಕ್ಕಕ್ಕೆ ಬರುವುದಿಲ್ಲ, ಉಳಿದ ಚಹಾವನ್ನು ಬೇವಿನ ಬುಡಕ್ಕೆ ಚೆಲ್ಲಿದೆ.

ಎಣಿಕೆ ಟಿಕೋಟಾದಲ್ಲಿ ನಡೆಯಿತು. ಅಕ್ಕ ಒಂದು ಓಟಿನಿಂದ ಸೋತಳು. ನಾನು ನಿಯಮ ಬಲ್ಲವನು, ಹಾಗಾಗಿ ಮನಸ್ಸಿನಲ್ಲೇ ವಾದ ಹೂಡಿದೆ. ನನ್ನ ಓಟು ಸರಿಯಾಗಿ ಬಿದ್ದಿದ್ದರೂ ಅವಳು ಗೆಲ್ಲುತ್ತಿರಲಿಲ್ಲ, ಸಮ ಆಗುತ್ತಿತ್ತು. ಆಗ ಚೀಟಿ ಎತ್ತುತ್ತಿದ್ದರು. ಚೀಟಿ ಯಾರದಾದರೂ ಬರಬಹುದಿತ್ತು. ಆದ್ದರಿಂದ ನನ್ನ ತಪ್ಪು ಪೂರ್ತಿ ತಪ್ಪಲ್ಲ, ಅರ್ಧ ತಪ್ಪು. ಈ ಅರ್ಧ ತಪ್ಪನ್ನು ಹೇಳಿ ಹಗುರಾಗಬೇಕೆಂದು ಅದೇ ಸಂಜೆ ಅಕ್ಕನ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಚಪ್ಪಲಿ ಬಿಡುವಾಗ ಒಳಗಿನಿಂದ ಅವಳ ಮಗ ಮಲ್ಲಪ್ಪನ ದನಿ ಕೇಳಿತು. "ಯಾವನೋ ಕುಡುಕ ಚೀಟಿ ಮ್ಯಾಲ ಗೀಚಿ ಒಗದಾನಬೇ. ಕೈಗೆ ಸಿಗ್ಲಿ, ಅವನ ಕೈ ಮುರೀತೇನಿ" ಎನ್ನುತ್ತಿದ್ದ. ನಾನು ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ. ಸಿಕ್ಕ ಮೊದಲ ಬಸ್ಸು ಹತ್ತಿ ವಿಜಯಪುರಕ್ಕೆ ಬಂದೆ, ಆ ಕೆಂಪು ಪೆನ್ನನ್ನು ಅಟ್ಟದ ಡಬ್ಬಿಗೆ ಹಾಕಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗಳನ್ನು ಸೇರಿಸಿ ಸೇರಿಸಿ ಒಂದು ವರ್ಷವಾಯಿತು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಎಷ್ಟೇ ವಯಸ್ಸಾಗಲಿ, ಕರೆಯದೆ ಅವಳು ಬರುವಂತಿಲ್ಲ. ಬೇರೆ ದಿನ ಬೇಕಾದರೆ ಬಂದು ಹೋಗಬಹುದು, ಪಂಚಮಿಗೆ ಮಾತ್ರ ಕರೆಯುವವರು ಬರಬೇಕು. ನಾನು ಪ್ರತಿ ವರ್ಷ ಹೋಗುತ್ತಿದ್ದೆ. ಆ ವರ್ಷ ಹೋಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಕ್ಕ ಏನಾದರೂ ಕೇಳಿದರೆ ಮುಖ ಎಲ್ಲಿ ಇಡಲಿ ಎಂಬುದೊಂದೇ ಚಿಂತೆ. ಅಕ್ಕ ಸಿಟ್ಟಾಗಿದ್ದಾಳೆ, ಸಿಟ್ಟು ಇಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. "ಗೌರಿ ಬರ್ಲಿಲ್ಲೇನೋ?" ಎಂದು ಅವ್ವ ಕೇಳಿದಳು. ದ್ರಾಕ್ಷಿ ತೋಟದಲ್ಲಿ ಕೆಲಸ ಭಾಳ ಇದೆಯಂತೆ ಎಂದೆ. "ಪಂಚಮಿಗೆ ಎಂಥಾ ದ್ರಾಕ್ಷಿ ಕೆಲಸೋ ಯಪ್ಪಾ" ಎಂದು ಅವ್ವ ನನ್ನನ್ನೇ ನೋಡಿದಳು. ಹೊನವಾಡದಲ್ಲಿ ಹುಟ್ಟಿ ಬೆಳೆದ ಮುದುಕಿಗೆ ದ್ರಾಕ್ಷಿಯ ಸುಳ್ಳು ಹೇಳಬಾರದು ಎಂಬಷ್ಟು ಬುದ್ಧಿ ನನಗಿರಲಿಲ್ಲ. ಅಕ್ಕ ನಡುವೆ ಎರಡು ಸಲ ಅವ್ವನನ್ನು ನೋಡಲು ಬಂದಿದ್ದಳು. ಎರಡೂ ಸಲ ನನಗೆ ಬ್ಯಾಂಕಿನಲ್ಲಿ ತುರ್ತು ಕೆಲಸ ಹುಟ್ಟಿಕೊಂಡಿತು. ಅದರಲ್ಲೊಂದು ಭಾನುವಾರವಾಗಿತ್ತು. ಹೀಗೆ ಮೂರು ಪಂಚಮಿ ಕಳೆದವು, ಮೂರನೆಯದು ಅವ್ವನ ಕೊನೆಯ ಪಂಚಮಿ. ಮಣ್ಣು ಕೊಡುವಾಗ ಅಕ್ಕ, ನಾನು ಒಂದೇ ಗುಂಡಿಯ ಎರಡು ಕಡೆ ನಿಂತು ಅತ್ತೆವು. ಮಾತಾಡಲಿಲ್ಲ. ಅವ್ವನಿಲ್ಲದ ಮನೆಯಲ್ಲಿ ಮತ್ತೆರಡು ಪಂಚಮಿ ಹಾಗೆಯೇ ಹೋದವು.

ಲಾನ್‌ಳ ಪಟ್ಟಿಯಲ್ಲಿ ಚುನಾವಣೆಯ ಶಬ್ದಗಳು ಬಂದದ್ದು ಈ ಸಲ ಶ್ರಾವಣ ಹಿಡಿಯುವ ಮೊದಲು. ಕ್ಯಾಂಡಿಡೇಟ್, ಬ್ಯಾಲಟ್, ಟರ್ನ್‌ಔಟ್, ಎಲ್ಲ ಸಲೀಸಾಗಿ ಮುಗಿದವು. ನಂತರದ್ದು ಇನ್‌ವ್ಯಾಲಿಡ್ ವೋಟ್. ತಿರಸ್ಕೃತ ಮತ, ಲೆಕ್ಕಕ್ಕೆ ಬಾರದ್ದು ಎಂದು ಅರ್ಥ ಹೇಳಿ ಮುಂದಿನ ಶಬ್ದಕ್ಕೆ ಹಾರಿದೆ. "ಉದಾಹರಣೆ, ಥೈ" ಎಂದಳು. ಒಂದೂರಲ್ಲಿ ಒಬ್ಬ ಮಾಸ್ತರಿದ್ದ ಎಂದು ಶುರು ಮಾಡಿದೆ. ಇಂಗ್ಲಿಷಿನಲ್ಲಿ ಹೇಳುವುದು ಎಷ್ಟು ಸುಲಭವಾಯಿತೆಂದರೆ ನನಗೇ ಆಶ್ಚರ್ಯ. ಕನ್ನಡದಲ್ಲಿ 'ಅಕ್ಕ' ಅಂದರೆ ಎದೆಯಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಅದು ಬರೀ ಪಟ್ಟಿಯ ಒಂದು ಶಬ್ದ. ಮಾಸ್ತರ, ಪೆನ್ನು, ಒಂದು ಓಟಿನ ಸೋಲು, ಎಲ್ಲ ಹೇಳಿ ಮುಗಿಸಿದೆ. ಅವಳು ನಗಬಹುದು ಎಂದು ಕಾದೆ. ಅವಳು ಬರೆಯುವುದನ್ನು ನಿಲ್ಲಿಸಿದ್ದಳು. ಅವಳ ಓಣಿಯ ಧ್ವನಿವರ್ಧಕ ಕೂಗತೊಡಗಿತು, ಅದು ಮುಗಿಯುವವರೆಗೆ ಕಾಯ್ದು ಮೆಲ್ಲಗೆ ಕೇಳಿದಳು: "ಥೈ, ಆ ಮಾಸ್ತರ ತನ್ನ ಅಕ್ಕನಿಗೆ ಇದನ್ನು ಹೇಳಿದ್ದಾನೆಯೇ?" ಇಲ್ಲ ಎಂದೆ. "ಅವನಿಗೆ ವಯಸ್ಸೆಷ್ಟು?" ಎಂದಳು. ನನ್ನ ವಯಸ್ಸನ್ನೇ ಹೇಳಿದೆ. ಮೊದಲ ದಿನ ಹೇಳಿದ್ದನ್ನು ಅವಳು ಮರೆತಿರಲಿಲ್ಲ.

ತಮ್ಮಲ್ಲಿ ಟೆಟ್ ಎಂಬ ಹೊಸ ವರ್ಷದ ಹಬ್ಬ ಇದೆ, ಹಬ್ಬದ ಮೊದಲು ಮನೆಮಂದಿಯ ನಡುವಿನ ಜಗಳಗಳನ್ನೆಲ್ಲ ಮುಗಿಸಿಕೊಳ್ಳಬೇಕು ಎಂದಳು. "ನಿಮ್ಮಲ್ಲಿ ಅಂಥ ಹಬ್ಬ ಯಾವಾಗ?" ಎಂದು ಕೇಳಿದಳು. ಪಂಚಮಿ ಇನ್ನು ವಾರವಿತ್ತು. ಅದನ್ನು ಹೇಳಿದೆ. "ಹಾಗಾದರೆ ಇದು ನಿಮ್ಮ ಹೋಮ್‌ವರ್ಕ್" ಎಂದಳು. ಜೀವನದಲ್ಲಿ ಸಾವಿರಾರು ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟಿದ್ದೇನೆ. ಅದು ಇಷ್ಟು ಭಾರ ಎಂದು ಗೊತ್ತಿದ್ದರೆ ಸ್ವಲ್ಪ ಕಡಿಮೆ ಕೊಡುತ್ತಿದ್ದೆ. ಅಂದು ಶಾರದಾಳಿಗೂ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ ಬಂದು ಎದುರಿಗೆ ಕೂತಳು. ಆಮೇಲೆ, "ನಾ ಏನೋ ಹೊಲಾ ಮನಿದು ಜಗಳ ಇರಬೇಕಂತ ಮಾಡಿದ್ನಿರಿ. ಇಷ್ಟಕ್ಕ ಅವ್ವಾರನ್ನ ಕಾಯಿಸಿದ್ರೇನು?" ಎಂದಳು. ಇಷ್ಟಕ್ಕ ಎಂಬ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಮರುದಿನವೇ ಹೊನವಾಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಮೊದಲು ಪೀಠಿಕೆ, ನಂತರ ಕಾರಣಗಳು, ಕೊನೆಗೆ ಉಪಸಂಹಾರ. ಸಮ ಆದರೆ ಚೀಟಿ ಎತ್ತುವ ನಿಯಮವನ್ನು ಎಲ್ಲಿ ಸೇರಿಸಿದರೆ ಚೆಂದ ಎಂದು ಟಿಕೋಟಾ ದಾಟುವವರೆಗೆ ಯೋಚಿಸಿದೆ. ಅಕ್ಕ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು, ಹಬ್ಬದ ಉಂಡಿಗೆ. ಮಣ್ಣಿನ ದಿನ ನೋಡಿದ್ದಕ್ಕಿಂತ ಸಣ್ಣಗಾಗಿದ್ದಳು. ತಲೆ ಎತ್ತಿ ನೋಡಿ, "ಕಾಲ ತೊಳಕೊಂಡು ಬಾ" ಎಂದಳು, ನಿನ್ನೆ ಹೋಗಿ ಇವತ್ತು ಬಂದವನಿಗೆ ಹೇಳಿದ ಹಾಗೆ. ಎದುರಿಗೆ ಕೂತು ನಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡೆ. ಜೋಡಿಸಿಕೊಂಡಿದ್ದ ಪೀಠಿಕೆ ನೆನಪಾಗಲಿಲ್ಲ.

"ಅಕ್ಕಾ, ನಿನ್ನ ಓಟು ಕೆಡಿಸಿದಾಂವ ನಾನs. ಮುದ್ರಿ ಒತ್ತೂದು ಬಿಟ್ಟು ಕೆಂಪ ಪೆನ್ನಲೆ ಗುರ್ತ ಹಾಕಿ ಬಂದ್ನಿ" ಎಂದೆ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅದು ನನಗ ಅವತ್ತs ಗೊತ್ತಾಗಿತ್ತು" ಎಂದಳು. "ಮಲ್ಲ್ಯಾ ಎಣಿಕಿ ಮುಗಿಸಿ ಬಂದು ಹೇಳಿದ. ಸಾಲಿ ಪೇಪರ್ ತಿದ್ದಿದಂಗ ಗುರ್ತ ಹಾಕಿ ಕೆಳಗ ಗೆರಿ ಎಳದಾರಬೇ ಅಂದ. ಅದ್ಯಾವ ಕುಡುಕ ಗೆರಿ ಎಳೀತಾನೋ ತಮ್ಮಾ? ನನ್ನ ತಮ್ಮನ ಕೈ ನನಗ ಗುರ್ತ ಸಿಗೂದಿಲ್ಲೇನು?"

"ಮತ್ತ ಯಾರಿಗೂ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮಾಸ್ತರಗ ಓಟ ಹಾಕಾಕ ಬರೂದಿಲ್ಲಂತ ಊರಾಗ ಡಂಗುರ ಹೊಡೀಲೇನು? ಕುಡುಕನs ಇರಬೇಕು ಬಿಡು ಅಂತ ಮಲ್ಲ್ಯಾಗ ಹೇಳಿದೆ. ನೀ ಬಂದು ನಕ್ಕೋತ ಹೇಳ್ತಿ ಅಂತ ಕುಂತಿದ್ದೆ. ಆ ಬಾಗಲಾ ಚಿಲಕಾ ನನ್ನ ಸೋಲಿಸಿದ ಹೆಣಮಗಳು ಆರಿಸಿ ಬಂದು ಹಾಕಿಸಿದಳು. ನಾ ಗೆದ್ರೂ ಅದನ್ನs ಹಾಕಸ್ತಿದ್ದೆ. ಓಟಿಂದು ನಾ ಎಂಟ ದಿನಕ್ಕ ಮರತೆ."

ನನಗೆ ಎಂಥ ಹಗುರಾಯಿತೆಂದರೆ, ಹೊರೆ ಇಳಿಸಿದವನ ಹಾಗೆ ನಕ್ಕುಬಿಟ್ಟೆ. ಐದು ವರ್ಷ ಸುಮ್ಮನೆ ಹೆದರಿದ್ದೆನಲ್ಲ ಎಂದೆ. ಅಕ್ಕ ನಗಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಮೂರ ವರ್ಷ ಪಂಚಮಿಗೆ ಚೀಲ ತುಂಬಿ ಇಟ್ಟಿದ್ದೆ" ಎಂದಳು. "ಬೆಳಗಿನ ಬಸ್ಸಿಗೆ ಬರ್ತಿ, ಇಲ್ಲ ಮಧ್ಯಾನದ ಬಸ್ಸಿಗೆ ಬರ್ತಿ ಅಂತ. ಮೂರನೇ ವರ್ಷ ನೀ ಬರ್ಲಿಲ್ಲ, ಅವ್ವ ಕಟ್ಟಿದ ಉಂಡಿ ಡಬ್ಬಿ ಬಂತು, ಕಂಡಕ್ಟರ್ ಕೈಯಾಗ. ಬಸ್ ಸ್ಟ್ಯಾಂಡಿನಾಗ ನಾಕ ಮಂದಿ ನಿಂತಿದ್ರು. ಗೌರವ್ವ ಯಾರು, ಪಾರ್ಸಲ್ ಐತಿ ಅಂತ ಒದರಿದ ಅಂವ. ತವರಿನ ಉಂಡಿ ಕಂಡಕ್ಟರ್ ಕೈಲೆ ಇಸಕೊಂಡ ಹೆಣಮಗಳು ಈ ಊರಾಗ ನಾನs ಒಬ್ಬಾಕಿ."

ಆ ಡಬ್ಬಿಯನ್ನು ನಾನು ಪೂರಾ ಮರೆತಿದ್ದೆ. ಅವ್ವ ಆ ವರ್ಷ ಗೋಡೆಗೆ ಒರಗಿ ಕೂತು ತಾನೇ ಉಂಡಿ ಕಟ್ಟಿದ್ದಳು. ಶೇಂಗಾದ್ದು, ಎಳ್ಳಿನದು, ರವೆಯದು, ಮೂರು ಬಗೆ. ಕೈ ನಡುಗಿ ಉಂಡಿ ಸರಿಯಾಗಿ ಗುಂಡಗಾಗದೆ ಮತ್ತೆ ಮತ್ತೆ ಒತ್ತುತ್ತಿದ್ದಳು. "ಗೌರಿ ಬರಾಕ ಆಗದಿದ್ರ ಇರ್ಲಿ, ನೀ ಹೋಗಿ ಕೊಟ್ಟು ಬಾ. ಅಕಿ ಮಾರಿ ನೋಡಿ ಬಂದು ನನಗ ಹೇಳು" ಎಂದಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗಿ ಡಬ್ಬಿಯನ್ನು ಪರಿಚಯದ ಕಂಡಕ್ಟರ್ ಕೈಗೆ ಕೊಟ್ಟು, ಎರಡು ತಾಸು ತಿರುಗಾಡಿ ಮನೆಗೆ ಬಂದು, ಕೊಟ್ಟು ಬಂದೆ, ಅಕ್ಕ ಆರಾಮಿದ್ದಾಳೆ ಎಂದಿದ್ದೆ. ಈ ಭಾಗದಲ್ಲಿ ಔಷಧಿ, ಕಾಗದಪತ್ರ, ಕಾಯಿಪಲ್ಲೆ ಎಲ್ಲವೂ ಹಾಗೆ ಕಂಡಕ್ಟರ್ ಕೈಯಲ್ಲಿ ಹೋಗುತ್ತವೆ, ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಐದು ವರ್ಷ ನಾನು ಎದೆಯಲ್ಲಿಟ್ಟುಕೊಂಡು ನರಳಿದ ತಪ್ಪು ಅಕ್ಕನ ಲೆಕ್ಕದಲ್ಲಿ ತಪ್ಪೇ ಆಗಿರಲಿಲ್ಲ. ತಪ್ಪು ಎಂದು ನನಗೆ ಹೊಳೆಯದೇ ಇದ್ದದ್ದು ಅವಳ ಎದೆಯಲ್ಲಿ ಕೂತಿತ್ತು. ನನಗೆ ಅಳು ಬಂತು. ಮನೆಯಲ್ಲಿ ಮಲ್ಲಪ್ಪನ ಹೆಂಡತಿ ಇದ್ದಳು, ಅವಳ ಎದುರು ಅಳಬಾರದೆಂದು ತಲೆ ತಗ್ಗಿಸಿ ಶೇಂಗಾ ಸುಲಿದೆ. ಬೀಜವನ್ನು ಸಿಪ್ಪೆಯ ಕಡೆ ಹಾಕುತ್ತಿದ್ದೆ, ಅಕ್ಕ ಒಂದೊಂದೇ ಆರಿಸಿ ಮೊರಕ್ಕೆ ಹಾಕಿದಳು.

"ಅವ್ವಗ ಏನ್ ಹೇಳಿದ್ದಿ?" ಎಂದು ಕೇಳಿದಳು.

"ನೀ ಆರಾಮ ಇದ್ದೀ ಅಂತ ಹೇಳಿದ್ನಿ."

"ಹಂಗಾದ್ರ ಚಲೋ ಆತು" ಎಂದಳು. ಅದೊಂದು ಸುಳ್ಳನ್ನು ಮಾತ್ರ ಅವಳು ಒಪ್ಪಿಕೊಂಡಳು.

ಊಟ ಮಾಡಿಸಿದಳು. ರೊಟ್ಟಿ, ಹೆಸರಬೇಳೆಯ ಪಲ್ಯ, ಶೇಂಗಾ ಹಿಂಡಿ. ಕೈ ತೊಳೆದ ಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. "ಈ ಸಲ ಪಂಚಮಿಗೆ ಕರಕೊಂಡು ಹೋಗಾಕ ಬರ್ತೀನಿ ಅಕ್ಕಾ. ಚೀಲ ತುಂಬಿ ಇಡು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬರ್ತೀನಿ. ಯಾಕ ಬರಬಾರ್ದು? ಶಾರದಾ ಅದಾಳ, ನೀ ಅದೀ" ಎಂದಳು. ತಾಟುಗಳನ್ನು ಎತ್ತಿಡುತ್ತ, "ಆದ್ರ ಹೊಸ್ತಲಾ ದಾಟಿದ ಕೂಡ್ಲೆ ಒಳಗಿಂದ 'ಬಂದ್ಯೇನs ಗೌರಿ' ಅಂತ ಕೇಳಾಕ ಯಾರು ಅದಾರ? ನನ್ನ ಗೌರಿ ಅನ್ನಾಕಿ ಅಕಿ ಒಬ್ಬಾಕಿ ಇದ್ಲು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ನಿದ್ದೆ ಬರಲಿಲ್ಲ. ಟಿಕೋಟಾ ದಾಟಿದ ಮೇಲೆ ಫೋನಿಗೆ ಲಾನ್‌ಳ ಸಂದೇಶ ಬಂತು. "ಥೈ, ಹೋಮ್‌ವರ್ಕ್ ಆಯಿತೇ? ಅಕ್ಕ ಏನೆಂದರು?" ನಾನು ಬಹಳ ಹೊತ್ತು ಯೋಚಿಸಿ ಇಂಗ್ಲಿಷಿನಲ್ಲಿ ಬರೆದೆ. ಆಯಿತು, ಓಟು ಕೆಟ್ಟ ವಿಷಯ ಅಕ್ಕನಿಗೆ ಮೊದಲೇ ಗೊತ್ತಿತ್ತು, ಅದನ್ನು ಅವಳು ಎಂದೋ ಮರೆತುಬಿಟ್ಟಿದ್ದಾಳೆ, ಪಂಚಮಿಗೆ ಬರುತ್ತಾಳೆ. ಕೂಡಲೇ ಪರದೆಯ ತುಂಬ ಹೂಗಳ ಚಿತ್ರಗಳು ಬಂದವು. ನನಗೆ ಬಹಳ ಸಂತೋಷವಾಯಿತು, ಥೈ, ಎಂದು ಬರೆದಿದ್ದಳು. ನಾನು ಬರೆದದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಡಬ್ಬಿಯ ಮಾತು ಅದರಲ್ಲಿರಲಿಲ್ಲ, ಅವ್ವನೂ ಇರಲಿಲ್ಲ. ಮೂವತ್ತು ವರ್ಷ ಪ್ರಶ್ನೆಪತ್ರಿಕೆಗಳ ಮೇಲೆ 'ಪೂರ್ಣ ವಾಕ್ಯದಲ್ಲಿ ಉತ್ತರಿಸಿ' ಎಂದು ಬರೆದವನು ನಾನು, ಅರ್ಧ ಬರೆದು ಬಿಟ್ಟ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ವಿಜಯಪುರ ಬರುವವರೆಗೆ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಆ ಹೂಗಳನ್ನು ನೋಡುತ್ತ ಕೂತೆ. ಉಳಿದರ್ಧವನ್ನು ಬರೆಯಲಿಲ್ಲ.